ಎರಡು ದಿನ ತಡೀರಿ

ಕಿರಣಕುಮಾರನಿಗೆ ಮುದುಕಿಯರ ಬಾಯಿ ಬಿಡಿಸುವ ಕಲೆ ಗೊತ್ತಿತ್ತು. ಮನೆಯವರು ಕುರ್ಚಿ ತಂದು ಹಾಕಿದರೆ ಅದನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂರುತ್ತಿದ್ದ. ಮೊದಲು ಕುಡಿಯಲು ನೀರು ಕೇಳುತ್ತಿದ್ದ. ನೀರು ಕುಡಿದ ಮೇಲೆ ತನ್ನೂರು ದೇವದುರ್ಗ ಎಂದೂ, ತನ್ನ ಅವ್ವ ಇವತ್ತಿಗೂ ಭತ್ತದ ನಾಟಿಗೆ ಹೋಗುತ್ತಾಳೆ ಎಂದೂ ಹೇಳುತ್ತಿದ್ದ. ಅದು ಸುಳ್ಳಲ್ಲ. ಆದರೆ ಹೇಳುತ್ತಿದ್ದುದು ಕೆಲಸಕ್ಕಾಗಿ. ಅಷ್ಟಾದರೆ ಸಾಕು, ಎದುರಿನ ಜೀವ ಬಿಸಿಲಿಗೆ ಹತ್ತಿಕಾಯಿ ಬಿರಿದಂತೆ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು.

ಅವನ ಕೆಲಸ ಆರೋಗ್ಯ ವಿಮೆಯ ಕ್ಲೇಮುಗಳ ತನಿಖೆ. ಪಾಲಿಸಿ ತೋರಿಸಿ ಆಸ್ಪತ್ರೆ ಸೇರಿದವರ ಮೇಲೆ ಕಂಪನಿಗೆ ಅನುಮಾನ ಬಂದರೆ, ರಾಯಚೂರಿನ ಒಂದು ಸಣ್ಣ ಏಜೆನ್ಸಿ ಅವನನ್ನು ಊರಿಗೆ ಕಳಿಸುತ್ತಿತ್ತು. ಆ ಜಡ್ಡು ಪಾಲಿಸಿ ಮಾಡಿಸುವ ಮೊದಲೇ ಇತ್ತೇ, ಇದ್ದದ್ದನ್ನು ಮುಚ್ಚಿಟ್ಟಿದ್ದರೇ ಎಂದು ವಿಚಾರಿಸಿ ಬರೆದು ಕೊಡಬೇಕು. ಏನೂ ಇರಲಿಲ್ಲ ಎಂದು ಬರೆದ ವರದಿಗೆ ಏಜೆನ್ಸಿಯಲ್ಲಿ ಬೆಲೆಯಿಲ್ಲ. ಏನಾದರೂ ಸಿಕ್ಕು, ಅದರ ಮೇಲೆ ಕಂಪನಿ ಕ್ಲೇಮನ್ನು ತಿರಸ್ಕರಿಸಿದರೆ ಮಾತ್ರ ಅದು ಅವನ ಪಾಲಿಗೆ ಒಂದು ಕೇಸು. ಈ ತಿಂಗಳು ಇನ್ನೊಂದು ಕೇಸು ಆದರೆ ಕಾಯಂ ಮಾಡಿಕೊಳ್ಳುತ್ತೇನೆ ಎಂದು ಏಜೆನ್ಸಿ ನಡೆಸುವ ಸುಭಾಷ್ ಹೇಳಿದ್ದ. ಆ ಮಾತಿಗಾಗಿ ಕಿರಣ ಮೂರು ವರ್ಷ ಕಾದಿದ್ದ.

ಹಾಗಿರುವಾಗ ಮಲ್ಲಟದ ಫೈಲು ಕೈಗೆ ಬಂತು.

ರಾಮಲಿಂಗಪ್ಪ ಐವತ್ತೆರಡು ವರ್ಷದ ಟೇಲರ್. ಕವಿತಾಳದ ಬಸ್ ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ಸುತ್ತಲಿನ ನಾಲ್ಕೈದು ಶಾಲೆಗಳ ಮಕ್ಕಳ ಯೂನಿಫಾರ್ಮು ಅವನ ಮಷೀನಿನ ಮೇಲೆಯೇ ಆಗಬೇಕು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಒಬ್ಬಳೇ ಮಗಳು ಮೇಘಾ, ಮಾನವಿಯ ಖಾಸಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ಕೆಲಸ ಸಿಕ್ಕ ವರ್ಷವೇ ಅವಳು ಅಪ್ಪನ ಹೆಸರಿಗೆ ಪಾಲಿಸಿ ಮಾಡಿಸಿ, ಎರಡು ವರ್ಷ ತಪ್ಪದೆ ಕಂತು ಕಟ್ಟಿದ್ದಳು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ರಾಮಲಿಂಗಪ್ಪ ಎದೆ ಹಿಡಿದುಕೊಂಡು ಕುಸಿದ. ರಾಯಚೂರಿನ ಖಾಸಗಿ ಆಸ್ಪತ್ರೆಯಲ್ಲಿ ನೋಡಿ, ಮೂರು ಕಡೆ ರಕ್ತನಾಳ ಕಟ್ಟಿದೆ, ಬೈಪಾಸ್ ಆಗಬೇಕು, ವಾರದೊಳಗೆ ಆದರೆ ಒಳ್ಳೆಯದು ಎಂದರು. ಕಂಪನಿಯ ಒಪ್ಪಿಗೆ ಬಂದ ಮಾರನೆಯ ದಿನವೇ ಆಪರೇಷನ್ ಎಂದೂ ಹೇಳಿದರು.

ಸೋಮವಾರ ಕಿರಣ ಮಲ್ಲಟಕ್ಕೆ ಹೋದಾಗ ಮನೆಯಲ್ಲಿ ರಾಮಲಿಂಗಪ್ಪನ ತಾಯಿ ಯಮನಮ್ಮ ಒಬ್ಬಳೇ ಇದ್ದಳು. ಎಪ್ಪತ್ತೈದು ದಾಟಿದ ಜೀವ. ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಯವ್ವಾ, ವಿಮಾದವರ ಕಡಿಂದ ಬಂದೀನಿ," ಎಂದ. "ರಾಮಲಿಂಗಣ್ಣನ ಆಪರೇಷನ್ ಕಾಗದದ ಸಲುವಾಗಿ."

"ಬಾರಪ್ಪ, ನಿಮ್ಮ ದಾರೀನ ಕಾಯಾಕತ್ತಿದ್ದೆ," ಎಂದು ಮುದುಕಿ ಮೊರವನ್ನು ಸರಿಸಿ ಎದ್ದಳು. "ಕುರ್ಚಿ ತರ್ತೀನಿ ತಡಿ."

"ಕುರ್ಚಿ ಯಾಕ ಯವ್ವಾ, ನಾವೇನ್ ಸಾಹೇಬ್ರಾ. ಒಂಚೂರು ನೀರು ಕೊಡ್ರಿ ಸಾಕು."

ನೀರಿನ ಜೊತೆ ಬೆಲ್ಲ ಬಂತು. ಅವನು ತನ್ನ ಅವ್ವನ ಸುದ್ದಿ ಹೇಳಿದ. ಅವಳು ತಾನು ನಾಟಿಗೆ ಹೋಗುತ್ತಿದ್ದ ದಿನಗಳ ಸುದ್ದಿ ಹೇಳಿದಳು. ಮಗ ಸಣ್ಣವನಿದ್ದಾಗ ಬದುವಿನ ಮೇಲೆ ಮಲಗಿಸಿ ಸಸಿ ನೆಡುತ್ತಿದ್ದದ್ದು, ಹತ್ತು ವರ್ಷಕ್ಕೇ ಅವನು ಕಾಜಾ ಹೊಲಿಯಲು ಕಲಿತದ್ದು, ಮೊದಲ ಕೂಲಿಯಲ್ಲಿ ತನಗೊಂದು ಕುಪ್ಪಸ ಹೊಲಿದು ತಂದದ್ದು. ಕಿರಣ ಎಲ್ಲದಕ್ಕೂ ಹ್ಞೂಂಗುಟ್ಟಿದ. ಸಂದು ನೋಡಿ, ಎತ್ತಲೋ ನೋಡುತ್ತ ಕೇಳಿದ.

"ಮೊದಲಿಂದ ಗಟ್ಟಿ ಆಳು ಅನ್ನು. ಎದಿಗಿದಿ ನೋವು ಅಂತ ಎಂದೂ ಅಂದಾಂವ ಅಲ್ಲ."

ಮುದುಕಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಸರಕಾರದ ಕೆಲಸಕ್ಕೋ ಕಂಪನಿಯ ಕೆಲಸಕ್ಕೋ ಬಂದವರ ಮುಂದೆ ಮುಚ್ಚಿಟ್ಟರೆ ಮಗನ ಕೆಲಸ ಕೆಟ್ಟೀತೆಂದು ಅಂಜಿಕೆ ಬೇರೆ.

"ಸುಳ್ಳು ಯಾಕ ಹೇಳ್ಲಿ ತಮ್ಮಾ. ಖಾರ ಉಂಡ್ರ ಎದಿ ಉರೀತದ ಅಂತಿದ್ದ. ಮದಿವಿ ಆದಾಗಿಂದ ಅದ ಅದು. ಅವನ ಹೇಣ್ತಿ ಕೈ ಖಾರ ಇತ್ತು, ಪಾಪ. ಎದಿ ಹಿಡದಂಗ ಆತಬೇ ಅಂತ ಬರ್ತಿದ್ದ. ನಾ ಅಜವಾನ ಜಜ್ಜಿ ಬಿಸಿನೀರಾಗ ಹಾಕಿ ಕೊಡ್ತಿದ್ದೆ. ಡರ್ ಅಂತ ಒಂದು ತೇಗು ತೇಗಿ, ಎದ್ದು ಅಂಗಡಿಗಿ ಹೋಗ್ತಿದ್ದ."

ಕಿರಣ ನಕ್ಕ. ಅವಳೂ ನಕ್ಕಳು.

"ಮದಿವಿ ಆಗಿ ಎಷ್ಟು ವರ್ಷಾತು?"

"ಮೇಘಾಗ ಈಗ ಇಪ್ಪತ್ತೈದು. ಇಪ್ಪತ್ತಾರೋ ಇಪ್ಪತ್ತೇಳೋ ಆಗಿರಬೇಕು."

ಹೊರಡುವಾಗ ಅವಳ ಸಣ್ಣ ಫೋನಿನಲ್ಲಿ ತನ್ನ ನಂಬರ್ ಹಾಕಿ, ಯಾವ ಗುಂಡಿ ಒತ್ತಬೇಕೆಂದು ಕಲಿಸಿಕೊಟ್ಟ. ಅದೂ ಕೆಲಸದ ಭಾಗವೇ. ಮನೆಯವರು ತಾವಾಗಿ ಫೋನು ಮಾಡಿದಾಗ ಇನ್ನೂ ಏನಾದರೂ ಹೊರಬರುತ್ತದೆ.

ಕವಿತಾಳದಲ್ಲಿ ಬೈಕು ನಿಲ್ಲಿಸಿ, ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತಲೇ ಮೊಬೈಲಿನಲ್ಲಿ ವರದಿ ಬರೆದ. ರೋಗಿಗೆ ಇಪ್ಪತ್ತಾರು ವರ್ಷದಿಂದ ಎದೆ ಹಿಡಿದಂತಾಗುತ್ತಿತ್ತು ಎಂದು ತಾಯಿ ಹೇಳಿದ್ದಾರೆ. ಮನೆಮದ್ದು ಕೊಡುತ್ತಿದ್ದರು. ಇದನ್ನು ಪಾಲಿಸಿಯ ಅರ್ಜಿಯಲ್ಲಿ ತಿಳಿಸಿಲ್ಲ. ಅವಳು ಆಡದ ಒಂದು ಸಂಗತಿಯನ್ನೂ ಅವನು ಸೇರಿಸಲಿಲ್ಲ. ಖಾರ ಬಿಟ್ಟ, ಉರಿ ಬಿಟ್ಟ, ತೇಗು ಬಿಟ್ಟ, ಅಷ್ಟೇ.

"ಇದು ಕೇಸು ಅಂದ್ರ," ಎಂದು ಸುಭಾಷ್ ಫೋನಿನಲ್ಲಿ ಹೇಳಿದ. "ಆದ್ರ ಕಂಪನಿಯವ್ರು ಒಮ್ಮಿಗೇ ಇಲ್ಲ ಅನ್ನಂಗಿಲ್ಲ. ನಾಕು ಕಾಗದ ಕೇಳ್ತಾರ, ಆಮ್ಯಾಲೆ ಅಂತಾರ. ಅಲ್ಲೀಮಟ ಅವರು ಅದ ಆಸ್ಪತ್ರ್ಯಾಗ ಇರಬೇಕು. ನಡುವ ಕ್ಲೇಮು ವಾಪಸ್ ತಗೊಂಡು ಹೋದ್ರ ನಿನಗ ಕೇಸು ಸಿಗಂಗಿಲ್ಲ ನೋಡು."

ಮಂಗಳವಾರ ಕಂಪನಿ ಇಪ್ಪತ್ತಾರು ವರ್ಷದ ಚಿಕಿತ್ಸೆಯ ಹಳೆಯ ಚೀಟಿಗಳನ್ನು ಕೇಳಿತು. ಅಂಥ ಚೀಟಿ ಇರಲೇ ಇಲ್ಲ. ಇಲ್ಲ ಎಂಬುದನ್ನು ಛಾಪಾ ಕಾಗದದ ಮೇಲೆ ಬರೆದುಕೊಡಿ ಎಂದಿತು ಬುಧವಾರ. ಮೇಘಾ ಕೋರ್ಟಿನ ಹತ್ತಿರ ಓಡಿ ಬರೆಸಿ ತಂದಳು. ಅದನ್ನು ನೋಡಲು ಅವರಿಗೆ ಒಂದು ದಿನ ಹಿಡಿಯಿತು. ನಾಳ ಕಟ್ಟಿದ್ದು ಯಾವಾಗಿನಿಂದ ಎಂದು ಡಾಕ್ಟರು ಬರೆಯಬೇಕು ಎಂದರು. ಇದು ಇತ್ತೀಚಿನದೇ ಎಂದು ಡಾಕ್ಟರು ಬರೆದುಕೊಟ್ಟರೆ, ಸಹಿಯ ಕೆಳಗೆ ಆಸ್ಪತ್ರೆಯ ಶಿಕ್ಕಾಮೊಹರು ಇಲ್ಲವೆಂದು ಆ ಕಾಗದ ತಿರುಗಿ ಬಂತು. ಶಿಕ್ಕಾ ಹಾಕಿಸುವಷ್ಟರಲ್ಲಿ, ಆಧಾರಿನಲ್ಲಿ ರಾಮಲಿಂಗ ಎಂದಿದೆ, ಪಾಲಿಸಿಯಲ್ಲಿ ರಾಮಲಿಂಗಪ್ಪ ಎಂದಿದೆ, ಇಬ್ಬರೂ ಒಬ್ಬರೇ ಎಂಬುದಕ್ಕೆ ಪುರಾವೆ ಕೊಡಿ ಎಂಬ ಪ್ರಶ್ನೆ ಬಂದಿತ್ತು. ವಿಮೆಯ ಕೌಂಟರು ಕೆಳಗೆ, ಅಪ್ಪ ಮೂರನೇ ಮಹಡಿಯಲ್ಲಿ. ಅವಳು ಆ ವಾರವಿಡೀ ಮೆಟ್ಟಿಲ ಮೇಲೆಯೇ ಬದುಕಿದಳು.

ಯಮನಮ್ಮ ದಿನಾ ಬೆಳಿಗ್ಗೆ ಎಂಟಕ್ಕೆ ಕಿರಣನಿಗೆ ಫೋನು ಮಾಡುತ್ತಿದ್ದಳು.

"ತಮ್ಮಾ, ನಾ ಯಮನಮ್ಮ, ಮಲ್ಲಟದಾಕಿ. ಚಾ ಕುಡದ್ಯಾ?"

"ಕುಡದೆ ಯವ್ವಾ."

"ಇವತ್ತು ಆಗ್ತದೇನಪ್ಪ ಕಾಗದ?"

"ಆಗ್ತದ ಯವ್ವಾ, ನಡದದ. ನಾ ನೋಡಾಕತ್ತೀನಿ."

ಅವನು ನೋಡುವುದೇನೂ ಇರಲಿಲ್ಲ. ಆದರೆ ಆ ದನಿಗೆ ಒರಟಾಗಿ ಉತ್ತರ ಕೊಡಲು ಅವನಿಂದ ಆಗುತ್ತಿರಲಿಲ್ಲ. ಮೆತ್ತಗೆ ಮಾತಾಡುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಶುಕ್ರವಾರ ಅವಳು, "ನೀ ಒಬ್ಬಾಂವ ನಮ್ಮಂವ ಅದೀಯಪ್ಪ ಅಲ್ಲಿ, ನಿನ್ನ ಹೆಸರ ಮ್ಯಾಲೆ ಧೈರ್ಯ ಹಿಡದೀನಿ," ಎಂದಾಗ ಮೈಮೇಲೆ ಹುಳ ಹರಿದಂತಾಯಿತು. ಆ ಫೋನು ಇಟ್ಟು ಇನ್ನೊಂದು ಫೈಲು ತೆಗೆದ.

ಶನಿವಾರ ಬೆಳಿಗ್ಗೆ ಬೇರೆ ನಂಬರಿನಿಂದ ಫೋನು ಬಂತು. ಮೇಘಾ.

"ನಮ್ಮ ಆಯಿ, ಯಮನಮ್ಮ, ನಿಮ್ಮ ನಂಬರ್ ಕೊಟ್ಳು. ಒಂದ ಮಾತು ಹೇಳ್ರಿ ಸರ್, ಸಾಕು. ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅಂತ ಹೇಳಿಬಿಡ್ರಿ. ಕಲಬುರ್ಗಿಯಾಗ ಸರ್ಕಾರಿ ಹೃದಯದ ಆಸ್ಪತ್ರಿ ಅದ. ನಮ್ಮ ರೇಷನ್ ಕಾರ್ಡಿನ ಮ್ಯಾಲೆ ಅಲ್ಲಿ ಪುಕ್ಕಟ ಆಗ್ತದ. ನಾ ಮಾತಾಡೀನಿ, ಇವತ್ತು ಕರ್ಕೊಂಡು ಬಂದ್ರ ಬೆಡ್ ಕೊಡ್ತೀವಿ ಅಂದಾರ. ಆಂಬುಲೆನ್ಸ್ ಕೆಳಗ ನಿಂತದ. ಅಪ್ಪಗ ಕೇಳಿದ್ರ, ಇಷ್ಟು ದಿನ ಕಾದೀವಲ್ಲ, ಆ ವಿಮಾದ ಹುಡುಗನ್ನ ಒಂದ್ ಮಾತು ಕೇಳು ಅಂದ."

ಹಿಂದಿನ ಸಂಜೆಯೇ ಸುಭಾಷ್ ಅವನಿಗೆ ಹೇಳಿದ್ದ, ತಿರಸ್ಕಾರದ ಪತ್ರ ತಯಾರಾಗಿದೆ, ಮೇಲಿನವರ ಸಹಿ ಸೋಮವಾರ ಬೀಳುತ್ತದೆ ಎಂದು. ಶನಿವಾರ ಇವರು ಎದ್ದು ಹೋದರೆ ಸಹಿ ಬೀಳಲು ಕ್ಲೇಮೇ ಇರುವುದಿಲ್ಲ. ಆ ಕಡೆಯಿಂದ "ಹಲೋ, ಸರ್" ಎಂದು ಎರಡು ಸಲ ಕೇಳಿಸಿತು.

"ಎರಡು ದಿನ ತಡೀರಿ ಮೇಡಂ," ಎಂದ. "ಈಗ ಎಬ್ಬಿಸಿಕೊಂಡು ಹೋದ್ರ ಎಲ್ಲಾ ಮೊದಲಿಂದ ಸುರು ಆಗ್ತದ. ಸೋಮವಾರ ಪಕ್ಕಾ ಬರ್ತದ."

"ಪಕ್ಕಾ ಏನ್ರಿ?"

"ಪಕ್ಕಾ."

ಸೋಮವಾರ ಬರುವುದಂತೂ ಖರೆ, ಏನು ಬರುತ್ತದೆ ಎಂದು ತಾನು ಹೇಳಲಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮೇಘಾ ಆಂಬುಲೆನ್ಸನ್ನು ತಿರುಗಿ ಕಳಿಸಿದಳು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಅವಳು ಕೆಳಗೆ ಕೌಂಟರಿನಲ್ಲಿ ರಾಮಲಿಂಗ ಮತ್ತು ರಾಮಲಿಂಗಪ್ಪ ಒಬ್ಬನೇ ಎಂದು ಪಂಚಾಯಿತಿಯಿಂದ ಬರೆಸಿ ತಂದ ಕಾಗದ ಕೊಡುತ್ತಿದ್ದಾಗ, ರಾಮಲಿಂಗಪ್ಪ ಮೂರನೇ ಮಹಡಿಯಲ್ಲಿ ಸತ್ತ. ಪಕ್ಕದ ಹಾಸಿಗೆಯವನಿಗೆ ಕಾಲರು ಹೇಗೆ ಕೂರಿಸಬೇಕೆಂದು ಹೇಳುತ್ತಿದ್ದನಂತೆ. ಮಾತು ಅರ್ಧಕ್ಕೆ ನಿಂತಿತು. ಕಂಪನಿಯ ಪತ್ರ ಸಂಜೆ ನಾಲ್ಕಕ್ಕೆ ಬಂತು. ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟ ಕಾರಣ ಕ್ಲೇಮನ್ನು ತಿರಸ್ಕರಿಸಲಾಗಿದೆ ಎಂದಿತ್ತು ಅದರಲ್ಲಿ.

ಕಿರಣನಿಗೆ ಸುದ್ದಿ ಕೊಟ್ಟವಳು ಯಮನಮ್ಮನೇ. ಹೆಣ ಊರಿಗೆ ಬರುವ ಮೊದಲು ಫೋನು ಮಾಡಿದಳು. ದನಿಯಲ್ಲಿ ಅಳು ಇರಲಿಲ್ಲ, ಒಣಗಿ ಹೋಗಿತ್ತು.

"ತಮ್ಮಾ, ಇನ್ನ ಕಾಗದ ಬ್ಯಾಡಪ್ಪ. ನೀ ಇನ್ನ ಓಡಾಡಬ್ಯಾಡ. ಭಾಳ ಮಾಡಿದಿ ನಮ್ಮ ಸಲುವಾಗಿ."

ಆ ಸಂಜೆ ಸುಭಾಷ್ ಅವನ ಕೈಗೆ ಕಾಯಂ ನೇಮಕದ ಕಾಗದ ಕೊಟ್ಟು ಒಂದು ಪೇಡಾ ಬಾಯಿಗಿಟ್ಟ. ಎರಡು ದಿನ ಕಿರಣನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮೂರನೆಯ ದಿನ ಇಳಿಯಿತು. ಮುಂದಿನ ತಿಂಗಳು ದೇವದುರ್ಗಕ್ಕೆ ಹೋಗಿ ಅವ್ವನಿಗೆ, "ಇನ್ನ ನಾಟಿಗಿ ಹೋಗಬ್ಯಾಡ," ಎಂದ. ಅವ್ವ ಮಗನ ತಲೆ ಮುಟ್ಟಿ ಲಟಿಕೆ ಮುರಿದಳು.

ಆದರೆ ಮೇಘಾ ಸುಮ್ಮನಾಗಿರಲಿಲ್ಲ. ಆ ಪತ್ರದ ಮೇಲೆ ಕಂಪನಿಯ ಮೇಲಿನ ಕಚೇರಿಗೆ ದೂರು ಬರೆದಳು. ಕುಟುಂಬದಲ್ಲಿ ಯಾರೂ ಇಂಥ ಹೇಳಿಕೆ ಕೊಟ್ಟಿಲ್ಲ, ಕೊಟ್ಟಿದ್ದರೆ ಸಹಿ ತೋರಿಸಿ ಎಂದು ಕೇಳಿದಳು. ಸುಭಾಷ್ ಕಿರಣನನ್ನು ಕರೆದ.

"ಮುದುಕೀದು ಹೆಬ್ಬೆಟ್ಟು ಇಲ್ಲೇನು?"

"ಆವತ್ತು ತಗೊಂಡಿಲ್ಲ."

"ಹೋಗಿ ತಗೊಂಡು ಬಾ. ಇಲ್ಲಂದ್ರ ಸುಳ್ಳು ವರದಿ ಅಂತ ನಿನ್ನ ಕೊಳ್ಳಿಗಿ ಬರ್ತದ. ಆ ಕಾಯಂ ಕಾಗದ ಹರಿಯಾಕ ನನಗ ಎಷ್ಟು ಹೊತ್ತು."

ಅವನು ಬುಧವಾರ ಹೋದ. ಕಾಲೇಜಿಗೆ ಫೋನು ಮಾಡಿ ಮೇಘಾ ಪಾಠದಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡೇ ಮಲ್ಲಟದ ದಾರಿ ಹಿಡಿದ. ಯಮನಮ್ಮ ಇನ್ನಷ್ಟು ಸಣ್ಣಗಾಗಿದ್ದಳು. ಅವನನ್ನು ಕಂಡೊಡನೆ ಕೈ ಹಿಡಿದುಕೊಂಡು ಆ ದಿನ ಬರದಿದ್ದ ಅಳುವನ್ನೆಲ್ಲ ಅತ್ತಳು. ಅವನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತ. ಅಳು ನಿಂತ ಮೇಲೆ ಚೀಲದಿಂದ ಕಾಗದ ತೆಗೆದ. ಇಂಗ್ಲಿಷಿನಲ್ಲಿತ್ತು.

"ಇದೇನಪ್ಪ?"

"ರಾಮಲಿಂಗಣ್ಣನ ಫೈಲ್ ಮುಂದಕ್ಕ ಹೋಗಬೇಕಲ್ಲ ಯವ್ವಾ. ಮೇಘಾ ಅರ್ಜಿ ಕೊಟ್ಟಾಳ, ಅದಕ್ಕ ನಿಮ್ಮದೊಂದು ಹೆಬ್ಬೆಟ್ಟು ಬೇಕು."

ಅವಳು ಹೆಬ್ಬೆರಳನ್ನು ಅವನ ಕೈಗೆ ಕೊಟ್ಟಳು. ಅವನೇ ಅದನ್ನು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದ. ಸೆರಗಿನ ತುದಿಯಿಂದ ಬೆರಳು ಒರೆಸಿಕೊಳ್ಳುತ್ತ ಕೇಳಿದಳು.

"ಲಗೂ ಕಾಗದ ಬಂದಿದ್ರ ಬದುಕ್ತಿದ್ದನೇನು ತಮ್ಮಾ ಅವ?"

"ಹಣಿಬರಾ ಯವ್ವಾ."

"ಹೌದು," ಎಂದು ತಲೆಯಾಡಿಸಿ ಒಳಗೆ ಹೋಗಿ, ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟಳು. ಬೇಡ ಎಂದರೆ ಅನುಮಾನ ಬಂದೀತೆಂದು ಕಿರಣ ತಿಂದ. ನಿಜ ಹೇಳಬೇಕೆಂದರೆ ಹಸಿವೂ ಆಗಿತ್ತು. ಎರಡು ರೊಟ್ಟಿ ತಿಂದ.

ಹೆಬ್ಬೆಟ್ಟು ನೋಡಿದ ಮೇಲೆ ಮೇಲಿನ ಕಚೇರಿ ದೂರನ್ನು ವಜಾ ಮಾಡಿತು. ಯಮನಮ್ಮನ ಹೇಳಿಕೆಯ ನಕಲನ್ನೂ ಲಗತ್ತಿಸಿ ಮೇಘಾಳಿಗೆ ಕಳಿಸಿತು. ಹೆಬ್ಬೆಟ್ಟು ಒತ್ತಿದ ಮೇಲೆ ಮತ್ತೆ ಬರತೊಡಗಿದ್ದ ಯಮನಮ್ಮನ ಫೋನು ಅವತ್ತಿನಿಂದ ನಿಂತಿತು. ಏಕೆ ನಿಂತಿತೆಂದು ಕಿರಣನಿಗೆ ಗೊತ್ತಾದದ್ದು ಏಳು ತಿಂಗಳ ನಂತರ.

ಮಲ್ಲಟದ್ದೇ ಇನ್ನೊಂದು ಫೈಲು ಬಂದಿತ್ತು. ಟೆಂಪೋ ಓಡಿಸುವ ಲಾಲ್ ಸಾಬನ ಹೆಂಡತಿ ಮುನವ್ವರ್ ಬೀ ಪಿತ್ತಕೋಶದ ಕಲ್ಲಿನಿಂದ ಒದ್ದಾಡುತ್ತ ರಾಯಚೂರಿನ ಆಸ್ಪತ್ರೆಯಲ್ಲಿದ್ದಳು. ಮರುದಿನ ಆಪರೇಷನ್. ಕಿರಣನ ಬೈಕು ರಿಪೇರಿಗೆ ಹೋಗಿದ್ದರಿಂದ ಕವಿತಾಳದಲ್ಲಿ ಆಟೋ ಹಿಡಿದ. ಆಟೋದ ಹಂಪಣ್ಣ ಮಾತಿನ ಮಲ್ಲ. ಮಲ್ಲಟದ ಹೆಸರು ಹೇಳುತ್ತಲೇ ಸುರು ಮಾಡಿದ.

"ಆ ಊರಾಗ ಒಂದು ಘಾತ ಆತ್ರಿ. ಟೇಲರ್ ರಾಮಲಿಂಗಪ್ಪ ಅಂತ. ವಿಮಾದಾಂವ ಒಬ್ಬ ಬಂದು ನೆಲದ ಮ್ಯಾಲೆ ಕುಂತು, ಯವ್ವಾ ಯವ್ವಾ ಅಂದು, ಅವನ ತಾಯಿ ಬಾಯಾಗಿನ ಮಾತು ತಗೊಂಡು ಹೋದ. ಅದ ಮಾತಿನ ಮ್ಯಾಲೆ ರೊಕ್ಕ ನಿಲ್ಲಿಸಿದ್ರು. ಸತ್ತ. ಸತ್ತಮ್ಯಾಲೂ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು, ಉಂಡು ಹೋದ್ನಂತ."

ಕಿರಣ ಬದಿಗೆ ಹಾದುಹೋಗುತ್ತಿದ್ದ ಹತ್ತಿಯ ಹೊಲಗಳನ್ನು ನೋಡಿದ.

"ಮೊಮ್ಮಗಳು ಆ ಇಂಗ್ಲಿಷ್ ಕಾಗದ ಕನ್ನಡ ಮಾಡಿ ಊರ ಮಂದಿ ಮುಂದ ಓದಿದ್ಳು," ಎಂದ ಹಂಪಣ್ಣ. "ಆಯಿ ಇನ್ನೊಂದು ಸಲ ಓದು ಅಂದ್ಳು. ಓದಿದ್ಳು. ನಾ ಖಾರ ಅಂತ ಅಂದಿದ್ದೆನಲ್ಲ, ಅದೆಲ್ಲದ, ಅಂತ ಕೇಳಿದ್ಳು ಮುದುಕಿ. ಎಲ್ಲೂ ಇಲ್ಲ. ಆ ಹುಡುಗೀಗಿ ತಡಕೊಳ್ಳಾಕ ಆಗಲಿಲ್ಲ, ನಿನ್ನ ಬಾಯಿ ನಮ್ಮಪ್ಪನ್ನ ತಿಂತು ಅಂದುಬಿಟ್ಳು. ಆಮ್ಯಾಲೆ ಕಾಲು ಹಿಡಕೊಂಡು ಅತ್ತಾಳ ಬಿಡ್ರಿ. ಆದ್ರ ಮುದುಕಿ ಅವತ್ತಿಂದ ಮಾತ ಬಿಟ್ಟಾಳ. ಉಣ್ಣು ಅಂದ್ರ ಉಣ್ತಾಳ. ಹಸಿವಿ ಆದ್ರೂ ಕೇಳಂಗಿಲ್ಲ."

"ಆ ಮನಷ್ಯಾ ಹೆಂಗಿದ್ದ ಅಂತ ಹೇಳ್ತಾರ?" ಎಂದು ಕಿರಣ ಕೇಳಿದ. ಕೇಳದೆ ಇರಲು ಆಗಲಿಲ್ಲ.

"ನಾ ನೋಡಿಲ್ರಿ. ನೋಡಿದ್ರ ಮನಿ ಮಗನಂಗ ಇದ್ದ ಅಂತಾರ. ನೀವು ಯಾರ ಮನಿಗ್ರಿ?"

"ನಾ ಬ್ಯಾಂಕಿನಾಂವ," ಎಂದು ಊರ ಹೊರಗೇ ಇಳಿದುಬಿಟ್ಟ.

ದಾರಿಯ ಅಷ್ಟು ದೂರದಲ್ಲಿ ಅವನು ಒಂದು ನಿಶ್ಚಯಕ್ಕೆ ಬಂದಿದ್ದ. ಈ ಫೈಲಿನಲ್ಲಿ ಏನೂ ಇಲ್ಲ ಎಂದೇ ಬರೆದು ಕೊಡಬೇಕು. ಕಲ್ಲು ಎರಡು ತಿಂಗಳಿಂದ ಈಚಿನದು, ಆಸ್ಪತ್ರೆಯ ಕಾಗದವೂ ಅದನ್ನೇ ಹೇಳುತ್ತಿತ್ತು. ಮನೆಯವರೂ ಅಷ್ಟೇ ಹೇಳಿ ಸಹಿ ಮಾಡಿದರೆ ಸಂಜೆಯೊಳಗೆ ಒಪ್ಪಿಗೆ ಹೋಗುತ್ತದೆ. ಆದರೆ ಮೇಘಾಳ ದೂರಿನ ನಂತರ, ಸಹಿ ಮಾಡಿದ ಹೇಳಿಕೆ ಇಲ್ಲದ ವರದಿಯನ್ನು ಕಂಪನಿ ತೆಗೆದುಕೊಳ್ಳುತ್ತಿರಲಿಲ್ಲ.

ಓಣಿಯಲ್ಲಿ ಯಮನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಅವನ ಮುಖ ನೋಡಿದಳು. ಬಯ್ಯಲಿಲ್ಲ, ಕೂಗಲಿಲ್ಲ, ಮುಖ ಹೊರಳಿಸಲೂ ಇಲ್ಲ. ಅವನೇ ತಲೆ ತಗ್ಗಿಸಿ ದಾಟಿ ಹೋದ. ಆದರೆ ಅವಳು ನೋಡಿದ್ದನ್ನು ಓಣಿ ನೋಡಿತ್ತು. ಲಾಲ್ ಸಾಬನ ಮನೆ ಮುಟ್ಟುವಷ್ಟರಲ್ಲಿ ಅವನು ಯಾರೆಂಬುದು ಅವನಿಗಿಂತ ಮೊದಲು ಅಲ್ಲಿಗೆ ಮುಟ್ಟಿತ್ತು.

ಲಾಲ್ ಸಾಬ್ ಬಾಗಿಲಲ್ಲಿ ನಿಂತಿದ್ದ. ಅವನ ತಾಯಿ ಬಡೇಬೀ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಕಿರಣ ನೆಲದ ಮೇಲೆ ಕೂತು ನೀರು ಕೇಳಿದ. ಯಾರೂ ಏಳಲಿಲ್ಲ.

"ನೋವು ಯಾವಾಗಿಂದ ಅದ ಅಕ್ಕಾಗ?"

"ಗೊತ್ತಿಲ್ರಿ," ಎಂದ ಲಾಲ್ ಸಾಬ್.

"ಎರಡು ತಿಂಗಳಿಂದ ಅಂತ ಆಸ್ಪತ್ರಿ ಕಾಗದದಾಗ ಅದ. ಅಷ್ಟು ಹೇಳಿದ್ರ ಸಾಕು."

"ನಮಗೇನೂ ಗೊತ್ತಿಲ್ರಿ."

"ಭಾಯ್, ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ. ಎರಡು ತಿಂಗಳು ಅಂತ ಅನ್ರಿ, ನಾ ಬರಕೋತೀನಿ, ನೀವ ಓದಿ ಸಹಿ ಮಾಡ್ರಿ. ನಾಳೆ ಆಪರೇಷನ್ ಆಗ್ತದ."

ಲಾಲ್ ಸಾಬ್ ಅವನನ್ನೇ ನೋಡುತ್ತ ನಿಂತ. ನಂಬಬೇಕೆಂಬ ಆಸೆ ಆ ಕಣ್ಣಲ್ಲಿ ಒಂದು ಕ್ಷಣ ಬಂದು ಹೋಯಿತು. ಅಷ್ಟರಲ್ಲಿ ಬಡೇಬೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಗನ ಕಡೆ ತಲೆಯಲ್ಲಾಡಿಸಿದಳು.

"ಗೊತ್ತಿಲ್ರಿ," ಎಂದ ಅವನು ಮೂರನೆಯ ಸಲ.

ಆಚೀಚಿನ ನಾಲ್ಕು ಮನೆಗಳಲ್ಲೂ ಕೇಳಿದ. ಒಂದು ಮಾತು ಹುಟ್ಟಲಿಲ್ಲ. ಊರ ಹೊರಗಿನ ಬೇವಿನ ಮರದ ಕೆಳಗೆ ನಿಂತು ಮೊಬೈಲ್ ತೆಗೆದು ಸುಭಾಷನಿಗೆ ಫೋನು ಹಚ್ಚಿದ.

"ಯಾರೂ ಹೇಳಿಕೆ ಕೊಡವಲ್ರು. ಆದ್ರ ಇದರಾಗ ಏನೂ ಇಲ್ಲ ಸರ್, ಸ್ವಚ್ಛ ಅದ."

"ಸ್ವಚ್ಛ ಇದ್ದವರು ಯಾಕ ಬಾಯಿ ಮುಚ್ಚತಾರ?" ಎಂದ ಸುಭಾಷ್. "ಸಹಕರಿಸಲಿಲ್ಲ ಅಂತ ಹಾಕು. ಅದಕ್ಕೂ ಒಂದು ಕಾಲಂ ಅದ."

ಕವಿತಾಳದ ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತ ಬರುತ್ತಿತ್ತು. ಅದು ಬಂದು ನಿಲ್ಲುವ ಮೊದಲು ಕಿರಣ, ಕುಟುಂಬದವರು ತನಿಖೆಗೆ ಸಹಕರಿಸಲಿಲ್ಲ ಎಂದು ಬರೆದು ಕಳಿಸಿದ. ಆ ಸಂಜೆ ಕಂಪನಿ ಫೈಲನ್ನು ತಡೆಹಿಡಿಯಿತು. ಆಪರೇಷನ್‌ಗೆಂದು ರಾತ್ರಿಯಿಂದ ಏನೂ ತಿನ್ನದೆ, ಆಪರೇಷನ್ ಕೋಣೆಯ ಹೊರಗೆ ಮಲಗಿದ್ದ ಮುನವ್ವರ್ ಬೀಯನ್ನು ಮರುದಿನ ಹತ್ತು ಗಂಟೆಗೆ ಆಸ್ಪತ್ರೆಯವರು ವಾರ್ಡಿಗೆ ತಿರುಗಿ ಕರೆತಂದು, ಒಪ್ಪಿಗೆ ಬಂದಿಲ್ಲ, ಇವತ್ತಿಗೆ ಇಲ್ಲ ಎಂದರು.